ಅಳಿಯಕಟ್ಟಿನ ನಾಡಿನಲ್ಲಿ ಮನೆಯ ಪಾಲು

ತಾಯಿ ಗತಿಸಿದ ಮೇಲೆ ಅವಳ ಮನೆಗಾಗಿ ಒಡಹುಟ್ಟಿದವರು ನ್ಯಾಯಾಲಯದ ಮೆಟ್ಟಿಲೇರಿದರೆ ಅದನ್ನು ಬರಿಯ ಆಸೆಬುರುಕತನವೆಂದು ಜರೆಯುವುದು ಲೋಕರೂಢಿ. ಹಿಸ್ಸೆಯ ತಕರಾರು ಹೊತ್ತು ಮಠಕ್ಕೆ ಬರುವವರಿಗೂ ನೆರೆಹೊರೆಯವರು ಇದೇ ಬುದ್ಧಿವಾದ ಹೇಳಿ ಕಳುಹಿಸಿರುತ್ತಾರೆ. ಆದರೆ ಅನೇಕ ವೇಳೆ ಅಣ್ಣನೊಂದು ಕಾಲದ ನ್ಯಾಯವನ್ನೂ ತಂಗಿ ಮತ್ತೊಂದು ಕಾಲದ ನ್ಯಾಯವನ್ನೂ ಹಿಡಿದು ವಾದಿಸುತ್ತಿರುತ್ತಾರೆ. ಮಂಗಳೂರಿನ ಬೈಕಂಪಾಡಿಯಂತಹ ಊರುಗಳ ಇತಿಹಾಸದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

ಇಂದು ಕೈಗಾರಿಕೆಗಳಿಂದ ಹೆಸರಾಗಿರುವ ಬೈಕಂಪಾಡಿ ಮೂಲತಃ ತುಳುವರ ಕಡಲತೀರದ ಊರು. ಆ ಸೀಮೆಯ ಮೊಗವೀರ, ಬಂಟ, ಬಿಲ್ಲವ ಮನೆತನಗಳಲ್ಲಿ ನಡೆದುಬಂದದ್ದು ಅಳಿಯಸಂತಾನ, ಅರ್ಥಾತ್ ಅಳಿಯಕಟ್ಟು. ಕುಂಡೋದರನೆಂಬ ಭೂತಕ್ಕೆ ಬಲಿಯಾಗಿ ಮಗನನ್ನು ಕೊಡಲು ರಾಣಿ ಒಪ್ಪದಿರಲು, ಅರಸನ ತಂಗಿ ತನ್ನ ಮಗನನ್ನು ಒಪ್ಪಿಸಿದಳೆಂದೂ, ಅಂದಿನಿಂದ ಅಳಿಯನೇ ಹಕ್ಕುದಾರನಾದನೆಂದೂ ಭೂತಾಳಪಾಂಡ್ಯನ ಐತಿಹ್ಯ ಸಾರುತ್ತದೆ. ಐತಿಹ್ಯ ಹೇಗೇ ಇರಲಿ, ವ್ಯವಸ್ಥೆಯ ತಿರುಳು ಸ್ಪಷ್ಟ. ಮನೆ ತಾಯಿಯ ಕುಟುಂಬದ್ದು. ಅದು ಮುಂದುವರಿಯುವುದು ಹೆಣ್ಣುಮಕ್ಕಳ ಸಂತತಿಯಲ್ಲಿ. ಗಂಡುಮಕ್ಕಳೂ ಅಲ್ಲಿನ ಸದಸ್ಯರೇ, ಆದರೆ ಅವರ ಮಕ್ಕಳು ತಮ್ಮ ತಾಯಿಯ ಕುಟುಂಬಕ್ಕೆ ಸೇರಿದವರು. ಒಬ್ಬ ಸದಸ್ಯನು ಬಲವಂತದಿಂದ ಪಾಲು ಕೇಳುವಂತಿಲ್ಲವೆಂದು 1863ರಲ್ಲಿ ಮದರಾಸು ಹೈಕೋರ್ಟು ತೀರ್ಪಿತ್ತಿತು. ಹಾಗೆಂದು ಕಲಹಗಳಿರಲಿಲ್ಲವೆಂದಲ್ಲ, ಯಜಮಾನನ ಲೆಕ್ಕಪತ್ರ, ಜೀವನಾಂಶಗಳ ಕುರಿತು ವ್ಯಾಜ್ಯಗಳು ನಡೆದೇ ಇದ್ದವು. ಮನೆ ಮಾತ್ರ ಒಡೆಯುತ್ತಿರಲಿಲ್ಲ.

1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ, ಎಂದರೆ ಒಬ್ಬೊಬ್ಬ ಸ್ತ್ರೀಯ ಸಂತತಿಯ ಶಾಖೆಗಳಿಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ನಿಜವಾದ ಪಲ್ಲಟವಾದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಅದರ 7ನೆಯ ಪ್ರಕರಣದಂತೆ, ಬಳಿಕ ಮೃತಳಾದ ತಾಯಿಯ ಅವಿಭಕ್ತ ಪಾಲು ಗಂಡು ಹೆಣ್ಣೆನ್ನದೆ ಅವಳ ಮಕ್ಕಳಿಗೆ ಸಮನಾಗಿ ಸಲ್ಲತೊಡಗಿತು. ಮಗ ತೀರಿಕೊಂಡರೆ ಅವನ ಪಾಲಿಗೆ ಅವನ ಹೆಂಡತಿ ಮಕ್ಕಳೂ ಹಕ್ಕುದಾರರಾದರು. ಅದುವರೆಗೆ ನೆಂಟರಾಗಿ ಬಂದು ಉಂಡು ಹೋಗುತ್ತಿದ್ದ ಅಣ್ಣನ ಮಕ್ಕಳು ಮನೆಯ ಪಾಲುದಾರರಾಗಿ ಬಂದು ನಿಂತರು. ಮನೆಯಲ್ಲೇ ಹುಟ್ಟಿ ಬಾಳಿದ ತಂಗಿಗೆ ಇದು ಕಸಿದುಕೊಂಡಂತೆ ತೋರಿದ್ದರೆ ಆಶ್ಚರ್ಯವಿಲ್ಲ. ತನ್ನ ಮಕ್ಕಳಿಗೆ ತನ್ನದೆನ್ನುವುದನ್ನು ಕೊಡಲಾಗದಿದ್ದ ಅಣ್ಣನಿಗೆ ಇದು ತಡವಾಗಿ ಬಂದ ನ್ಯಾಯ. ಇಬ್ಬರನ್ನೂ ಸುಳ್ಳರೆನ್ನುವುದು ನಮ್ಮಿಂದಾಗದು.

ಘಟ್ಟದ ಮೇಲಿನ ನಮ್ಮ ಭಕ್ತಾದಿಗಳು ಇನ್ನೊಂದು ಸಂಗತಿಯನ್ನು ಲಕ್ಷ್ಯವಿಟ್ಟು ಓದಬೇಕು. ಅದೇ 1956ರ ಕಾಯಿದೆಯ 23ನೆಯ ಪ್ರಕರಣದಂತೆ, ಕುಟುಂಬ ವಾಸವಾಗಿರುವ ಮನೆಯನ್ನು ಗಂಡುಮಕ್ಕಳು ಹಂಚಿಕೊಳ್ಳಲು ಮುಂದಾಗುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಮಗಳಿಗೆ ಅಲ್ಲಿ ವಾಸದ ಹಕ್ಕು ಸಿಗುತ್ತಿದ್ದುದೂ ಅವಳು ಅವಿವಾಹಿತೆ, ವಿಧವೆ, ಪತಿ ತೊರೆದವಳು ಅಥವಾ ಪತಿಯಿಂದ ಬೇರ್ಪಟ್ಟವಳಾಗಿದ್ದರೆ ಮಾತ್ರ. ಆದರೆ 17ನೆಯ ಪ್ರಕರಣವು ಅಳಿಯಸಂತಾನದವರಿಗೆ ಈ ತಡೆ ಅನ್ವಯಿಸದೆಂದು ವಿಧಿಸಿತು. ಬೈಕಂಪಾಡಿಯ ಅಂತಹ ಮನೆತನದ ಮಗಳಿಗೆ 1956ರಲ್ಲೇ ಇದ್ದ ಹಕ್ಕು ಧಾರವಾಡ, ದಾವಣಗೆರೆಗಳ ಮಗಳಿಗೆ ದೊರೆತದ್ದು 23ನೆಯ ಪ್ರಕರಣವನ್ನು ಕೈಬಿಟ್ಟ 2005ರ ಸೆಪ್ಟೆಂಬರ್ 9ರಂದು. ನಡುವೆ, 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳನ್ನು ಸಹದಾಯಾದರನ್ನಾಗಿ ಮಾಡಿದರೂ ಅದಕ್ಕೆ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತ್ತು. ಹಕ್ಕು ಬಂದ ಮೇಲೂ ಅರಿಶಿನ ಕುಂಕುಮದ ಹೆಸರು ಹೇಳಿ ತಂಗಿಯಿಂದ ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ಅಣ್ಣಂದಿರು ನಮ್ಮಲ್ಲಿ ಕಡಮೆಯಿಲ್ಲ.

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಮಹಾಬಂದರೆಂದು ಘೋಷಿತವಾಯಿತು. ಬಂದರಿಗೂ ಕೈಗಾರಿಕೆಗಳಿಗೂ ಸುತ್ತಲಿನ ನೆಲ ಸ್ವಾಧೀನವಾದಾಗ ಮನೆ ಹಣವಾಗಿ ಮಾರ್ಪಟ್ಟಿತು. ಗೋಡೆಯನ್ನು ಹಂಚುವುದು ಕಷ್ಟ, ಹಣವನ್ನು ಹಂಚುವುದು ಸುಲಭ. ಹೀಗಿದ್ದೂ ತುಳುನಾಡಿನ ಪಾಲುಪತ್ರಗಳಲ್ಲಿ ಗದ್ದೆ, ತೋಟ, ಕೋಣೆಗಳೆಲ್ಲ ಹಂಚಿಹೋದ ಬಳಿಕವೂ ದೈವದ ಸ್ಥಾನವನ್ನು ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದೆಂದೇ ಉಳಿಸಿಕೊಳ್ಳುತ್ತಾರೆ. ವರ್ಷದ ನೇಮಕ್ಕೆ ವಾದಿಯೂ ಪ್ರತಿವಾದಿಯೂ ಒಂದೇ ಅಂಗಳಕ್ಕೆ ಬರಬೇಕಾಗುತ್ತದೆ.