ಬಾಡಿಗೆ ವಾಹನ ಚಾಲನಾ ಪರವಾನಗಿ ನಿರಾಕರಣೆ (ಕರ್ನಾಟಕ)

ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್, ಬಸ್ಸು ಮೊದಲಾದ ಬಾಡಿಗೆ ವಾಹನಗಳನ್ನು ಓಡಿಸಲು ಪರವಾನಗಿ ಕೋರಿದ ಅರ್ಜಿಯನ್ನು ಪರವಾನಗಿ ಪ್ರಾಧಿಕಾರವು ತಿರಸ್ಕರಿಸುವುದನ್ನು ಬಾಡಿಗೆ ವಾಹನ ಚಾಲನಾ ಪರವಾನಗಿ ನಿರಾಕರಣೆ ಎನ್ನಲಾಗುತ್ತದೆ. ಭಾರತದಲ್ಲಿ ಇದು 1988ರ ಮೋಟಾರು ವಾಹನ ಕಾಯ್ದೆಗೆ ಒಳಪಟ್ಟಿದೆ. ನಿರಾಕರಣೆಗೆ ಲಿಖಿತ ಕಾರಣ ಪಡೆಯುವ ಮತ್ತು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಅರ್ಜಿದಾರನಿಗಿದೆ. ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಮರೋಳ ಮುಂತಾದ ಗ್ರಾಮಗಳವರು ಬಾಗಲಕೋಟೆಯ ಪ್ರಾದೇಶಿಕ ಸಾರಿಗೆ ಕಚೇರಿಯ (ಕೆಎ-29) ವ್ಯಾಪ್ತಿಗೆ ಬರುತ್ತಾರೆ.

ನಿರಾಕರಣೆಯ ಕಾರಣಗಳು

ಕಾಯ್ದೆಯ 9ನೇ ಕಲಮಿನ ಪ್ರಕಾರ ರೂಢಿಗತ ಅಪರಾಧಿ, ರೂಢಿಗತ ಮದ್ಯವ್ಯಸನಿ, ಮಾದಕ ವಸ್ತುಗಳ ವ್ಯಸನಿ ಅಥವಾ ಹಿಂದೆ ಪರವಾನಗಿ ರದ್ದಾದ ವ್ಯಕ್ತಿಗೆ ಪರವಾನಗಿ ನಿರಾಕರಿಸಬಹುದು. ವಯಸ್ಸು, ವೈದ್ಯಕೀಯ ಅರ್ಹತೆ ಹಾಗೂ ದಾಖಲೆಗಳ ಕೊರತೆಯೂ ಕಾರಣಗಳಾಗುತ್ತವೆ.

ಚಾಲನಾ ಪರೀಕ್ಷೆಯಲ್ಲಿ ಅನುತ್ತೀರ್ಣನಾಗುವುದು ಇದಕ್ಕಿಂತ ಭಿನ್ನವಾದುದು. ಅಂಥವರು ಏಳು ದಿನಗಳ ನಂತರ ಮತ್ತೆ ಪರೀಕ್ಷೆಗೆ ಹಾಜರಾಗಬಹುದು. ಮೂರು ಬಾರಿ ವಿಫಲರಾದವರು ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು.

ಬದಲಾದ ನಿಯಮಗಳು

ಹಿಂದೆ ಅರ್ಜಿ ತಿರಸ್ಕೃತವಾಗಲು ಕಾರಣವಾಗುತ್ತಿದ್ದ ಕೆಲವು ನಿಯಮಗಳು ಈಗ ಬದಲಾಗಿವೆ.

• ಸಾರಿಗೆ ವಾಹನ ಚಾಲಕರು ಎಂಟನೇ ತರಗತಿ ಉತ್ತೀರ್ಣರಾಗಿರಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರವು 2019ರಲ್ಲಿ ಕೈಬಿಟ್ಟಿತು.
• ಅಲ್ಪ ಹಾಗೂ ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೆ ಪರವಾನಗಿ ನೀಡಲು 2020ರಲ್ಲಿ ಅವಕಾಶ ಕಲ್ಪಿಸಲಾಯಿತು.
• ಲಘು ಮೋಟಾರು ವಾಹನದ ಪರವಾನಗಿ ಹೊಂದಿದವರು ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪು ನೀಡಿತು. ಸಾಮಾನ್ಯ ಟ್ಯಾಕ್ಸಿ ಕಾರುಗಳು ಈ ಮಿತಿಯೊಳಗೆ ಬರುತ್ತವೆ.

ಮೇಲ್ಮನವಿ

17ನೇ ಕಲಮಿನ ಪ್ರಕಾರ ಪರವಾನಗಿ ನೀಡಲು ಅಥವಾ ನವೀಕರಿಸಲು ನಿರಾಕರಿಸಿದಾಗ ಕಾರಣಸಹಿತ ಆದೇಶವನ್ನು ಅರ್ಜಿದಾರನಿಗೆ ತಲುಪಿಸಬೇಕು. ಮೌಖಿಕವಾಗಿ ತಿಳಿಸಿದ್ದಲ್ಲಿ ಅರ್ಜಿದಾರನು ಲಿಖಿತ ಆದೇಶ ಅಥವಾ ಹಿಂಬರಹವನ್ನು ಕೋರಬೇಕು. 30 ದಿನಗಳ ಅವಧಿಯು ಆದೇಶ ಜಾರಿಯಾದ ದಿನದಿಂದ ಆರಂಭವಾಗುತ್ತದೆ. ನಿಯಮಗಳಲ್ಲಿ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರವು ಉಭಯ ಪಕ್ಷಗಳ ಅಹವಾಲು ಆಲಿಸಿ ತೀರ್ಮಾನಿಸುತ್ತದೆ. ಆ ತೀರ್ಮಾನಕ್ಕೆ ಮೂಲ ಪ್ರಾಧಿಕಾರವು ಬದ್ಧವಾಗಿರುತ್ತದೆ. ಮೇಲ್ಮನವಿಯೊಂದಿಗೆ ಆದೇಶದ ಪ್ರತಿ, ಅರ್ಜಿಯ ಸ್ವೀಕೃತಿ ಹಾಗೂ ನಿರಾಕರಣೆಯ ಕಾರಣಕ್ಕೆ ಉತ್ತರವಾಗುವ ದಾಖಲೆಗಳನ್ನು ಲಗತ್ತಿಸುವುದು ಸೂಕ್ತ. ತರುವಾಯ ಸಂವಿಧಾನದ 226ನೇ ವಿಧಿಯಡಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಬಹುದು. ಬಾಗಲಕೋಟೆ ಜಿಲ್ಲೆಯು ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ.

ಮೇಲ್ಮನವಿ ಬಾಕಿಯಿರುವಾಗಲೂ ಪರವಾನಗಿಯಿಲ್ಲದೆ ವಾಹನ ಓಡಿಸುವುದು ಅಪರಾಧ. ಆಗ ಅಪಘಾತ ಸಂಭವಿಸಿದರೆ ವಿಮಾ ಕಂಪನಿಯು ಪರಿಹಾರದ ಮೊತ್ತವನ್ನು ವಾಹನ ಮಾಲೀಕನಿಂದ ವಸೂಲಿ ಮಾಡುವ ಸಾಧ್ಯತೆಯಿದೆ.

ಸಕಾಲ

ಅರ್ಜಿಯು ತಿರಸ್ಕೃತವಾಗದೆ ವಿಳಂಬವಾಗುತ್ತಿದ್ದರೆ 2011ರ ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ ಅನ್ವಯಿಸುತ್ತದೆ. ಸ್ವೀಕೃತಿಯಲ್ಲಿರುವ ಜಿಎಸ್‌ಸಿ ಸಂಖ್ಯೆಯ ಆಧಾರದಲ್ಲಿ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ.

ರಹದಾರಿ ನಿರಾಕರಣೆ

ಚಾಲನಾ ಪರವಾನಗಿಯು ಚಾಲಕನಿಗೆ ಸಂಬಂಧಿಸಿದ್ದು. ರಹದಾರಿಯು ವಾಹನಕ್ಕೆ ಸಂಬಂಧಿಸಿದ್ದು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಪ್ರವಾಸಿಗರನ್ನು ಬಾಡಿಗೆಗೆ ಕರೆದೊಯ್ಯುವ ಕಾರಿಗೆ ಇವೆರಡೂ ಅಗತ್ಯ. ರಹದಾರಿ ನಿರಾಕರಿಸಿದಲ್ಲಿ 89ನೇ ಕಲಮಿನಡಿ ರಾಜ್ಯ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬೇಕಾಗುತ್ತದೆ.