ವಾಹನ ಚಲನೆಯ ಬಲಗಳು

ರಸ್ತೆಯಲ್ಲಿ ನಿಂತ ವಾಹನವನ್ನು ಮುಂದಕ್ಕೆ ತಳ್ಳುವ ಬಾಹ್ಯ ಬಲ ನೆಲದಿಂದಲೇ ಬರಬೇಕು. ಎಂಜಿನ್ ಗೇರುಗಳ ಮೂಲಕ ಗಾಲಿಯನ್ನು ತಿರುಗಿಸುತ್ತದೆ. ಟೈರು ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮದಂತೆ ನೆಲ ಅಷ್ಟೇ ಬಲದಿಂದ ಟೈರನ್ನು ಮುಂದಕ್ಕೆ ನೂಕುತ್ತದೆ. ಇದಕ್ಕೆ ಪುರಾವೆ ಬೀದರ್ ಜಿಲ್ಲೆಯ ಮಳೆಗಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಕಮಠಾಣ, ಭಾಲ್ಕಿ, ಔರಾದ್ ಕಡೆಯ ಎರೆಹೊಲ ನೆನೆದಾಗ ಟ್ರ್ಯಾಕ್ಟರಿನ ಎಂಜಿನ್ ಎಷ್ಟು ಗರ್ಜಿಸಿದರೂ ಗಾಲಿ ಕೆಸರಿನಲ್ಲಿ ನಿಂತಲ್ಲೇ ಸುತ್ತುತ್ತದೆ. ಎಂಜಿನ್ ಮೊದಲಿನಷ್ಟೇ ಬಲಿಷ್ಠ. ಹೋದದ್ದು ನೆಲದ ಹಿಡಿತ, ಅಂದರೆ ಘರ್ಷಣೆ. ಭಾರದ ಎಷ್ಟು ಪಾಲು ಘರ್ಷಣೆಯಾಗಿ ದೊರೆಯಬಹುದು ಎಂಬುದನ್ನು ಹೇಳುವ ಘರ್ಷಣಾಂಕ ಒಣ ಡಾಂಬರಿನ ಮೇಲೆ ಸುಮಾರು 0.7. ಚಾಲಕ ಗಾಲಿಗಳ ಮೇಲೆ 500 ಕಿಲೋಗ್ರಾಂ ಭಾರವಿದ್ದರೆ ದೊರೆಯುವ ಗರಿಷ್ಠ ನೂಕುಬಲ ಸುಮಾರು 3,400 ನ್ಯೂಟನ್. ಟ್ರ್ಯಾಕ್ಟರಿನ ಹಿಂಗಾಲಿಗಳಿಗೆ ಕಬ್ಬಿಣದ ತೂಕ ಕೂಡಿಸುವುದು, ಟೈರಿಗೆ ನೀರು ತುಂಬುವುದು ಈ ಮಿತಿಯನ್ನು ಏರಿಸಲಿಕ್ಕೇ.

ಘರ್ಷಣೆ ಚಲನೆಯನ್ನು ತಡೆಯುತ್ತದಲ್ಲವೇ ಎಂಬ ಆಕ್ಷೇಪ ಸಹಜ. ಇಲ್ಲಿ ಅದು ತಡೆಯುವುದು ಟೈರು ಹಿಂದಕ್ಕೆ ಜಾರುವುದನ್ನು. ಆ ತಡೆಯೇ ವಾಹನವನ್ನು ಮುನ್ನಡೆಸುತ್ತದೆ. ಹಾಗಾದರೆ ಎಂಜಿನ್ ಏಕೆ? ನೆಲ ಬಲವನ್ನು ಕೊಟ್ಟೀತು, ಶಕ್ತಿಯನ್ನು ಕೊಡಲಾರದು. ಶಕ್ತಿ ಇಂಧನದಿಂದಲೇ ಬರಬೇಕು. ಗಾಳಿಯ ತಡೆ, ಟೈರಿನ ಉರುಳುತಡೆ, ಏರಿನಲ್ಲಿ ಗುರುತ್ವ, ಇವೆಲ್ಲದರ ಮೊತ್ತವನ್ನು ನೂಕುಬಲ ಮೀರಿದಾಗ ಮಾತ್ರ ವೇಗ ಹೆಚ್ಚುತ್ತದೆ.