ಆನರ್ಸ್ ಪದವಿಯ ಪೂರ್ವೋತ್ತರಗಳು: ತುಮಕೂರಿನ ಕಡೆಯಿಂದ ಒಂದು ಪರಿಶೀಲನೆ

ಬೆಂಗಳೂರಿನ ಕಡೆಯಿಂದ ತುಮಕೂರನ್ನು ಪ್ರವೇಶಿಸುವವರಿಗೆ ಕ್ಯಾತ್ಸಂದ್ರವನ್ನು ದಾಟಿದ ಬಳಿಕ ಬಟವಾಡಿಯು ಎದುರಾಗುತ್ತದೆ. ಅಲ್ಲಿಂದ ಊರೊಳಕ್ಕೆ ಸಾಗುವ ಬೆಂಗಳೂರು–ಹೊನ್ನಾವರ ರಸ್ತೆಯಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಸಂಸ್ಥೆಯೂ ೨೦೦೪ರಲ್ಲಿ ಉದಯಿಸಿದ ತುಮಕೂರು ವಿಶ್ವವಿದ್ಯಾನಿಲಯವೂ ನೆಲೆಗೊಂಡಿವೆ. ಬಟವಾಡಿಯಲ್ಲಿ ಮನೆಮಾಡಿಕೊಂಡಿರುವ ಒಬ್ಬ ತರುಣನು ಉನ್ನತ ಶಿಕ್ಷಣವನ್ನು ಬಯಸಿದರೆ ಇಂದು ನಡೆದೇ ಕಾಲೇಜಿಗೆ ಹೋಗಬಹುದು. ಆದರೆ ಅವನು ಬಯಸುವುದು ಬರಿಯ ಪದವಿಯನ್ನಲ್ಲದೆ ‘ಆನರ್ಸ್’ ಎಂಬ ವಿಶೇಷಣದಿಂದ ಕೂಡಿದ ಪದವಿಯನ್ನಾದರೆ, ಅವನಿಗೆ ದೊರೆಯುವ ಉತ್ತರವು ಕಾಲದಿಂದ ಕಾಲಕ್ಕೆ ಬಹುವಾಗಿ ಬದಲಾಗಿದೆ. ಆ ಬದಲಾವಣೆಗಳ ಕ್ರಮವನ್ನು ಗುರುತಿಸಿ, ಅವುಗಳಿಂದ ನಾವು ಕಲಿಯಬೇಕಾದುದೇನೆಂದು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಆ ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುವುದನ್ನೂ ಆನರ್ಸ್ ಪಡೆಯುವುದನ್ನೂ ಒಂದೇ ಎಂದು ಭಾವಿಸುತ್ತಾರೆ. ದರ್ಜೆಯು ಅಂಕಗಳ ವಿಂಗಡಣೆ. ಆನರ್ಸ್ ಎಂಬುದು ಮೂಲತಃ ವ್ಯಾಸಂಗದ ಒಂದು ಬಗೆ. ಇವೆರಡೂ ಬೆರೆತುಹೋದುದಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಕಾರಣವುಂಟು. ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಹದಿನೆಂಟನೆಯ ಶತಮಾನದಿಂದಲೇ ಅಭ್ಯರ್ಥಿಗಳನ್ನು ಯೋಗ್ಯತಾಕ್ರಮದಲ್ಲಿ ಪಟ್ಟಿಮಾಡುವ ಪದ್ಧತಿಯಿತ್ತು. ಅಗ್ರಶ್ರೇಣಿಯವರಿಗೆ ‘ರ‍್ಯಾಂಗ್ಲರ್’ ಎಂಬ ಬಿರುದು. ೧೮೯೯ರಲ್ಲಿ ಆರ್. ಪಿ. ಪರಾಂಜಪೆಯವರು ಆ ಪಟ್ಟಿಯ ಶಿರಃಸ್ಥಾನವನ್ನು ಪಡೆದ ಪ್ರಥಮ ಭಾರತೀಯರಾದರು. ಆಕ್ಸ್‌ಫರ್ಡಿನಲ್ಲಿ ೧೮೦೦ರ ಪರೀಕ್ಷಾ ಶಾಸನದ ಬಳಿಕ ಸಾಮಾನ್ಯ ವಿದ್ಯಾರ್ಥಿಗಳ ಪರೀಕ್ಷೆಯಿಂದ ಗೌರವಾರ್ಥಿಗಳ ಪರೀಕ್ಷೆಯು ಕ್ರಮೇಣ ಬೇರ್ಪಟ್ಟಿತು. ಹೀಗೆ ಪಟ್ಟಿಯಾಗಿ ಹುಟ್ಟಿದುದು ಕಾಲಾಂತರದಲ್ಲಿ ಪಾಠಕ್ರಮವಾಗಿ ಬೆಳೆಯಿತು.

ಭಾರತದಲ್ಲಿ ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಇವು ಮೊದಲಲ್ಲಿ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದುವೇ ಹೊರತು ಬೋಧಿಸುವ ಸಂಸ್ಥೆಗಳಾಗಿರಲಿಲ್ಲ. ಪಾಸ್ ತರಗತಿಯ ವಿದ್ಯಾರ್ಥಿಗೂ ಒಂದು ವಿಷಯವನ್ನು ಆಳವಾಗಿ ಅಭ್ಯಸಿಸಬಯಸುವ ವಿದ್ಯಾರ್ಥಿಗೂ ಪಾಠಕ್ರಮಗಳು ಭಿನ್ನವಾಗಿರಬೇಕೆಂಬ ವಿಚಾರವನ್ನು ಸ್ಯಾಡ್ಲರ್ ಅವರ ಅಧ್ಯಕ್ಷತೆಯ ಕಲ್ಕತ್ತ ವಿಶ್ವವಿದ್ಯಾನಿಲಯ ಆಯೋಗವು ೧೯೧೯ರ ತನ್ನ ವರದಿಯಲ್ಲಿ ಪ್ರಬಲವಾಗಿ ಪ್ರತಿಪಾದಿಸಿತು.

ನಮ್ಮ ನಾಡಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಬಹುಕಾಲ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, ೧೯೧೬ನೆಯ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಎಚ್. ವಿ. ನಂಜುಂಡಯ್ಯನವರು ಪ್ರಥಮ ಕುಲಪತಿಗಳಾದರು. ಕಲಾವಿಷಯಗಳಿಗೆ ಮೈಸೂರೂ ವಿಜ್ಞಾನವಿಷಯಗಳಿಗೆ ಬೆಂಗಳೂರೂ ಮುಖ್ಯ ಕೇಂದ್ರಗಳಾದುವು. ೧೯೩೦ ಮತ್ತು ೧೯೪೦ರ ದಶಕಗಳಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ ವಿದ್ಯಾರ್ಥಿಯ ಮುಂದೆ ಎರಡು ದಾರಿಗಳಿದ್ದುವು. ಎರಡು ವರ್ಷಗಳಲ್ಲಿ ಮುಗಿಯುವ ಪಾಸ್ ಪದವಿಯದು ಒಂದು. ಒಂದೇ ವಿಷಯವನ್ನು ಪ್ರಧಾನವಾಗಿಟ್ಟುಕೊಂಡು ಮೂರು ವರ್ಷ ನಡೆಯುವ ಆನರ್ಸ್ ಪದವಿಯದು ಇನ್ನೊಂದು. ಆನರ್ಸ್ ಮುಗಿಸಿದವನಿಗೆ ಎಂ.ಎ. ಪದವಿಗೆ ಮತ್ತೊಂದು ವರ್ಷ ಸಾಕಾಗುತ್ತಿತ್ತು.

ಈ ವ್ಯವಸ್ಥೆಯ ಫಲವನ್ನು ತಿಳಿಯಲು ಎರಡು ನಿದರ್ಶನಗಳು ಸಾಕು. ಮುಂದೆ ಸಮಾಜಶಾಸ್ತ್ರಜ್ಞರಾಗಿ ಜಗದ್ವಿಖ್ಯಾತರಾದ ಎಂ. ಎನ್. ಶ್ರೀನಿವಾಸರು ಮಹಾರಾಜಾ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ತರಗತಿಯನ್ನು ಸೇರಿ ೧೯೩೬ರಲ್ಲಿ ಪದವೀಧರರಾದರು. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರು ರೂಪಿಸಿದ ಆ ಪಾಠಕ್ರಮದಲ್ಲಿ ಸಮಾಜಶಾಸ್ತ್ರಕ್ಕೂ ಸಾಮಾಜಿಕ ಮಾನವಶಾಸ್ತ್ರಕ್ಕೂ ಸ್ಥಾನವಿತ್ತು. ದೇಶದ ಹೆಚ್ಚಿನ ಕಾಲೇಜುಗಳಲ್ಲಿ ಈ ಶಾಸ್ತ್ರಗಳ ಹೆಸರೂ ಕೇಳಿಬರದಿದ್ದ ಕಾಲವದು. ಅವರು ಅಲ್ಲಿಂದ ಮುಂಬಯಿಗೆ ಘುರ್ಯೆಯವರಲ್ಲಿಗೂ ಆಮೇಲೆ ಆಕ್ಸ್‌ಫರ್ಡಿಗೂ ಹೋದುದು ಸರ್ವವಿದಿತ. ಎ. ಕೆ. ರಾಮಾನುಜನ್ನರು ಅದೇ ಕಾಲೇಜಿನಲ್ಲಿ ೧೯೪೯ರಲ್ಲಿ ಇಂಗ್ಲಿಷ್ ಆನರ್ಸನ್ನೂ ಮರುವರ್ಷ ಎಂ.ಎ.ಯನ್ನೂ ಮುಗಿಸಿದರು. ಹದಿನೇಳು ಹದಿನೆಂಟು ವರ್ಷದ ವಿದ್ಯಾರ್ಥಿಯನ್ನು ಮೊದಲ ದಿನದಿಂದಲೇ ಒಂದು ಶಾಸ್ತ್ರದ ಒಳಗೆ ಕೂರಿಸಿ, ಚಿಕ್ಕ ತರಗತಿಯಲ್ಲಿ ಪ್ರಾಧ್ಯಾಪಕರ ಕಣ್ಣೆದುರಿಗೇ ಬೆಳೆಸುವುದು ಆ ಪದ್ಧತಿಯ ಮರ್ಮವಾಗಿತ್ತು.

ಆದರೆ ಇದೇ ಪದ್ಧತಿಯನ್ನು ತುಮಕೂರಿನ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಮೈಸೂರು ವಿಶ್ವವಿದ್ಯಾನಿಲಯವನ್ನು ಬೆಳಗಿಸಿದವರಲ್ಲಿ ಈ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದವರು ಉಂಟು. ಬಿ. ಎಂ. ಶ್ರೀಕಂಠಯ್ಯನವರು ೧೮೮೪ರಲ್ಲಿ ಜನಿಸಿದುದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದ ಕಾಲದಲ್ಲೇ, ೧೯೨೭ರಲ್ಲಿ, ಕನ್ನಡ ಎಂ.ಎ. ತರಗತಿಯು ಆರಂಭವಾಯಿತು. ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃಗಳಾದ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಇವರೆಲ್ಲರೂ ಊರು ಬಿಟ್ಟು ಹೋಗಿ ಕಲಿತವರು. ಗುಬ್ಬಿಯ ಅಥವಾ ಕುಣಿಗಲ್ಲಿನ ರೈತನ ಮಗನು ಆನರ್ಸ್ ಓದಬೇಕಾದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಊಟವಸತಿಗೆ ದಾರಿ ಮಾಡಿಕೊಳ್ಳಬೇಕಾಗಿತ್ತು. ಪಾಸ್ ತರಗತಿಯವನಿಗಿಂತ ಒಂದು ವರ್ಷ ಹೆಚ್ಚಾಗಿ ಮನೆಯವರು ಅವನ ಸಂಪಾದನೆಗೆ ಕಾಯಬೇಕಾಗಿತ್ತು. ಆದ್ದರಿಂದ ಆನರ್ಸ್ ಎಂಬುದು ಬುದ್ಧಿಯನ್ನು ಎಷ್ಟರಮಟ್ಟಿಗೆ ಅಳೆಯುತ್ತಿದ್ದಿತೋ ಮನೆಯ ಅನುಕೂಲವನ್ನೂ ಅಷ್ಟರಮಟ್ಟಿಗೆ ಅಳೆಯುತ್ತಿದ್ದಿತೆಂದು ಹೇಳದೆ ವಿಧಿಯಿಲ್ಲ.

ವ್ಯಾಸಂಗವು ನಡುವೆಯೇ ನಿಂತುಹೋಗುವುದೂ ಆ ಕಾಲದಲ್ಲಿ ವಿರಳವಾಗಿರಲಿಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಪೂರ್ವಾಶ್ರಮದಲ್ಲಿ ೧೯೨೭ರಲ್ಲಿ ಸೆಂಟ್ರಲ್ ಕಾಲೇಜನ್ನು ಸೇರಿದ್ದರು. ೧೯೩೦ರಲ್ಲಿ ಮಠದ ಉತ್ತರಾಧಿಕಾರಿಗಳಾಗಿ ನಿಯುಕ್ತರಾದುದರಿಂದ ಆ ವ್ಯಾಸಂಗವು ಪದವಿಯವರೆಗೆ ಸಾಗಲಿಲ್ಲ. ಕಾರಣವು ಇಲ್ಲಿ ಬಡತನವಲ್ಲ, ಕರ್ತವ್ಯದ ಕರೆ. ಪದವಿಯನ್ನು ಪೂರೈಸದ ಅದೇ ಮಹನೀಯರು ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ಒದಗಿಸಿ, ಬಟವಾಡಿಯ ರಸ್ತೆಯಲ್ಲಿರುವ ತಾಂತ್ರಿಕ ವಿದ್ಯಾಸಂಸ್ಥೆಗೂ ಕಾರಣಪುರುಷರಾದುದು ಈ ಜಿಲ್ಲೆಯ ಶಿಕ್ಷಣಚರಿತ್ರೆಯ ಒಂದು ಮುಖ್ಯ ಸಂಗತಿ. ಕಲಿಯುವವನು ವಿದ್ಯಾಲಯವನ್ನು ಅರಸಿ ಹೋಗುತ್ತಿದ್ದ ಕಾಲವು ಮುಗಿದು, ವಿದ್ಯಾಲಯವೇ ಅವನಿದ್ದೆಡೆಗೆ ಬರತೊಡಗಿದುದು ಇಂತಹ ಪ್ರಯತ್ನಗಳಿಂದ.

ಇತ್ತ ಆನರ್ಸಿನ ಗತಿಯೇನಾಯಿತು? ಹಿಂದೆ, ೧೯೧೮ರಿಂದ ೧೯೨೧ರವರೆಗೆ, ಮಹಾರಾಜಾ ಕಾಲೇಜಿನಲ್ಲಿಯೇ ಬೋಧಿಸಿದ್ದ ಎಸ್. ರಾಧಾಕೃಷ್ಣನ್ನರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ೧೯೪೯ರಲ್ಲಿ ಸಲ್ಲಿಸಿದ ವರದಿಯಲ್ಲಿ ಆನರ್ಸ್ ಪದವೀಧರನಿಗೆ ಒಂದು ವರ್ಷದಲ್ಲೂ ಪಾಸ್ ಪದವೀಧರನಿಗೆ ಎರಡು ವರ್ಷಗಳಲ್ಲೂ ಸ್ನಾತಕೋತ್ತರ ಪದವಿ ದೊರೆಯಬೇಕೆಂದು ಶಿಫಾರಸು ಮಾಡಿತು. ಆದರೆ ಮೈಸೂರಿನಲ್ಲಿ ನಡೆದುದೇ ಬೇರೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯ ನಂತರದ ವರ್ಷಗಳಲ್ಲಿ ಇಂಟರ್‌ಮೀಡಿಯೆಟ್ ಹೋಗಿ ಪಿ.ಯು.ಸಿ. ಬಂದಿತು, ಎಲ್ಲರ ಪದವಿಯೂ ಮೂರು ವರ್ಷಗಳದಾಯಿತು. ಆನರ್ಸ್ ವಿದ್ಯಾರ್ಥಿಗೆ ವಿಶಿಷ್ಟವಾಗಿದ್ದ ಆ ಮೂರನೆಯ ವರ್ಷವು ಸರ್ವರಿಗೂ ಸಾಮಾನ್ಯವಾದೊಡನೆ ಹಳೆಯ ಆನರ್ಸ್ ತರಗತಿಗಳು ಕ್ರಮೇಣ ಮರೆಯಾದುವು. ೧೯೪೩ರಲ್ಲಿಯೇ ಮೂರು ವರ್ಷದ ಪದವಿಯನ್ನು ಅಂಗೀಕರಿಸಿದ್ದ ದೆಹಲಿಯು ಆನರ್ಸನ್ನೂ ಉಳಿಸಿಕೊಂಡಿತು. ಅವಧಿಯು ಸಮವಾದ ಮಾತ್ರಕ್ಕೆ ಪಾಠಕ್ರಮದ ಆಳವೂ ಸಮವಾಗಬೇಕಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಇನ್ನು ‘ಕ್ರೆಡಿಟ್’ ಎಂಬ ಪದವು ನಮಗೆ ಬಂದುದು ಇಂಗ್ಲೆಂಡಿನಿಂದಲ್ಲ, ಅಮೆರಿಕದಿಂದ. ಅಲ್ಲಿ ವಿದ್ಯಾರ್ಥಿಯು ತಾನೇ ಆರಿಸಿಕೊಂಡ ಪಾಠಗಳನ್ನು ಗಂಟೆಗಳ ಲೆಕ್ಕದಲ್ಲಿ ಎಣಿಸಿ ಪದವಿ ಕೊಡುವ ರೂಢಿ ಬೆಳೆಯಿತು. ಈ ಎಣಿಕೆಯಲ್ಲಿ ಮೇಧಾವಿಯಾದ ವಿದ್ಯಾರ್ಥಿಯ ವೇಗವು ಕುಗ್ಗುವುದನ್ನು ಕಂಡ ಫ್ರಾಂಕ್ ಐಡೆಲಾಟ್ ಎಂಬವರು ಸ್ವಾರ್ತ್‌ಮೋರ್ ಕಾಲೇಜಿನ ಅಧ್ಯಕ್ಷರಾಗಿದ್ದಾಗ, ೧೯೨೨ರಲ್ಲಿ, ಅಲ್ಲಿ ಆನರ್ಸ್ ವ್ಯಾಸಂಗವನ್ನು ಏರ್ಪಡಿಸಿದರು. ಚಿಕ್ಕ ಗೋಷ್ಠಿಗಳು, ಸ್ವತಂತ್ರ ವಾಚನ, ಕೊನೆಯಲ್ಲಿ ಹೊರಗಿನ ಪರೀಕ್ಷಕರು: ಇವು ಅದರ ಅಂಗಗಳು. ಐಡೆಲಾಟರು ಸ್ವತಃ ಆಕ್ಸ್‌ಫರ್ಡಿನಲ್ಲಿ ಓದಿದವರು. ಎಂದರೆ ಕ್ರೆಡಿಟ್ಟಿನ ತವರಿನಲ್ಲಿಯೂ ಆನರ್ಸ್ ಹುಟ್ಟಿದುದು ಎಣಿಕೆಯ ಕೊರತೆಯನ್ನು ತುಂಬುವುದಕ್ಕಾಗಿ.

ಭಾರತದಲ್ಲಿ ಈ ಎರಡು ಪರಂಪರೆಗಳು ಈಚೆಗೆ ಒಂದುಗೂಡಿವೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ೨೦೧೮ರ ಮಾದರಿ ಪಾಠಕ್ರಮದಲ್ಲಿ ಇಂಜಿನಿಯರಿಂಗ್ ಪದವಿಗೆ ೧೬೦ ಕ್ರೆಡಿಟ್‌ಗಳು ವಿಹಿತವಾಗಿ, ಮೇಲೆ ೨೦ನ್ನು ಗಳಿಸಿದವನಿಗೆ ಆನರ್ಸ್ ದೊರೆಯಬಹುದೆಂದು ಹೇಳಲಾಯಿತು. ಆ ೨೦ನ್ನು ಅಂತರಜಾಲದ ಪಾಠಗಳಿಂದಲೂ ಗಳಿಸಬಹುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೨೨ರ ಚೌಕಟ್ಟಿನಂತೆ ಸಾಮಾನ್ಯ ಪದವಿಗೆ ಮೂರು ವರ್ಷ ಮತ್ತು ೧೨೦ ಕ್ರೆಡಿಟ್‌ಗಳು, ಆನರ್ಸಿಗೆ ನಾಲ್ಕು ವರ್ಷ ಮತ್ತು ೧೬೦. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡ ೭೫ರಷ್ಟು ಅಂಕ ಪಡೆದವರು ೧೨ ಕ್ರೆಡಿಟ್‌ಗಳ ಪ್ರಬಂಧವನ್ನು ರಚಿಸಿ ಸಂಶೋಧನಾಸಹಿತ ಆನರ್ಸ್ ಪಡೆಯಬಹುದು. ವಾರಕ್ಕೊಂದು ಗಂಟೆಯಂತೆ ಹದಿನೈದು ವಾರ ನಡೆದ ಪಾಠವು ಒಂದು ಕ್ರೆಡಿಟ್. ಈ ಲೆಕ್ಕದಲ್ಲಿ ಹೆಚ್ಚಿನ ೪೦ ಎಂದರೆ ೬೦೦ ಗಂಟೆಗಳ ಪಾಠ.

ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಈ ನಾಲ್ಕು ವರ್ಷದ ಆನರ್ಸನ್ನು ೨೦೨೧–೨೨ರಲ್ಲಿ ಜಾರಿಗೆ ತಂದಿತು. ಮೈಸೂರಿಗೆ ಹೋಗದೆ ತನ್ನ ಜಿಲ್ಲೆಯಲ್ಲಿಯೇ ಆನರ್ಸ್ ಓದುವ ದಾರಿಯು ತುಮಕೂರಿನ ವಿದ್ಯಾರ್ಥಿಗೆ ತೆರೆಯಿತು. ಅದು ಹೆಚ್ಚು ಕಾಲ ತೆರೆದಿರಲಿಲ್ಲ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ ೨೦೨೪ರ ಮೇ ತಿಂಗಳಿನಲ್ಲಿ ಸರ್ಕಾರವು ಮೂರು ವರ್ಷದ ಪದವಿಗೆ ಮರಳಿತು. ನಡುವಣ ಮೂರು ತಂಡಗಳ ವಿದ್ಯಾರ್ಥಿಗಳಿಗೆ ಮಾತ್ರ ನಾಲ್ಕನೆಯ ವರ್ಷದ ಅವಕಾಶ ಉಳಿಯಿತು.

ಹಳೆಯದನ್ನೂ ಹೊಸದನ್ನೂ ಎದುರುಬದುರಾಗಿಟ್ಟರೆ ಒಂದು ವಿಸ್ಮಯವು ಕಾಣಿಸುತ್ತದೆ. ಸಾಮಾನ್ಯ ಪದವಿಗಿಂತ ಒಂದು ವರ್ಷ ಹೆಚ್ಚಿನ ಆನರ್ಸ್, ಅದರ ಮೇಲೆ ಒಂದು ವರ್ಷದ ಸ್ನಾತಕೋತ್ತರ ಪದವಿ: ಈ ಗಣಿತವು ಎರಡರಲ್ಲಿಯೂ ಒಂದೇ. ಭೇದವಿರುವುದು ಆ ವರ್ಷವನ್ನು ಇಟ್ಟ ಸ್ಥಾನದಲ್ಲಿ. ಹಳೆಯ ಆನರ್ಸ್ ತಳಪಾಯದಿಂದಲೇ ಬೇರೆಯಾಗಿ ಕಟ್ಟಿದ ಮನೆ. ಹೊಸದು ಕಟ್ಟಿದ ಮನೆಯ ಮೇಲೆ ಏರಿಸಿದ ಮಾಳಿಗೆ. ಮೊದಲನೆಯದರಲ್ಲಿ ಆಳವಿತ್ತು; ಆದರೆ ಎಳೆಯ ವಯಸ್ಸಿನಲ್ಲೇ, ದೂರದ ಊರಿನಲ್ಲೇ, ಅನುಕೂಲಸ್ಥರಿಗೇ ಅದು ಹೆಚ್ಚಾಗಿ ಸಲ್ಲುತ್ತಿತ್ತು. ಎರಡನೆಯದರಲ್ಲಿ ಬಾಗಿಲು ವಿಶಾಲವಾಯಿತು. ಆದರೆ ಒಳಗೆ ಗುರುವೂ ಗ್ರಂಥಭಂಡಾರವೂ ಸಿದ್ಧವಾಗುವ ಮೊದಲೇ ಹೆಸರು ಬಂದಿತು. ಹೆಚ್ಚಿನ ಒಂದು ವರ್ಷದ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಗೆ ೧೯೩೬ರಲ್ಲಿ ಉತ್ತರವಿರಲಿಲ್ಲ, ೨೦೨೪ರಲ್ಲಿಯೂ ಇರಲಿಲ್ಲ.

ಆನರ್ಸ್ ಎಂಬ ಹೆಸರು ಮುಂದೆ ಉಳಿಯಲಿ, ಅಳಿಯಲಿ, ಅದರ ತಿರುಳನ್ನು ಉಳಿಸಿಕೊಳ್ಳುವುದು ಕಾಲೇಜುಗಳ ಕೈಯಲ್ಲಿದೆಯೆಂಬುದು ನಮ್ಮ ಅಭಿಪ್ರಾಯ. ಮೂರು ವರ್ಷದ ಪದವಿಯ ಒಳಗೇ, ಮೊದಲ ವರ್ಷದಿಂದಲೇ, ಆಸಕ್ತರಾದ ಹತ್ತಾರು ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ ಗೋಷ್ಠಿ ನಡೆಸಲು, ಒಂದು ಕಿರುಪ್ರಬಂಧವನ್ನು ಬರೆಸಿ ಹೊರಗಿನ ಒಬ್ಬ ವಿದ್ವಾಂಸರಿಂದ ಪರೀಕ್ಷಿಸಲು ಹೊಸ ಶಾಸನದ ಅಗತ್ಯವಿಲ್ಲ. ದುಡಿದು ಓದುವ ವಿದ್ಯಾರ್ಥಿಗೆ ಒಂದು ವರ್ಷದ ವೇತನವನ್ನು ಒದಗಿಸುವುದು ಮಾತ್ರ ಸರ್ಕಾರದ ಹಾಗೂ ದಾನಿಗಳ ಹೊಣೆ. ಇಷ್ಟು ನಡೆದರೆ, ಶ್ರೀನಿವಾಸರಿಗೆ ಮೈಸೂರಿನಲ್ಲಿ ದೊರೆತ ಬಗೆಯ ವ್ಯಾಸಂಗವು ಗುಬ್ಬಿಯ, ಕುಣಿಗಲ್ಲಿನ, ಬಟವಾಡಿಯ ಮಕ್ಕಳಿಗೆ ತಮ್ಮ ಊರಿನ ಬಳಿಯಲ್ಲಿಯೇ ದೊರೆತೀತು.